ಟಿಎಸ್‌ಎಚ್ ಸರಿ ಬಂದ ಮೇಲೂ ಬಿಡದ ಚಳಿ: ಪುಣೆಯ ಒಂದು ಪ್ರಕರಣ

ಇದು ಥೈರಾಯ್ಡ್ ಕಡಿಮೆ ಇದ್ದು ಅದಕ್ಕೆ ಗುಳಿಗೆ ನುಂಗುವ, ನನ್ನ ಕ್ಲಿನಿಕ್ಕಿಗೆ ಬರುವ ಒಬ್ಬ ಹೆಣ್ಣುಮಗಳ ಪ್ರಕರಣ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಯನ್ನು ದುಡಿಸಲು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು. ಥೈರಾಯ್ಡ್ ಕಡಿಮೆಯಾದರೆ ಅದು ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 39. ಗದಗ ಕಡೆಯವರು, ಮದುವೆಯಾಗಿ ಪುಣೆಗೆ ಬಂದವರು. ಸಿಂಹಗಡ ರಸ್ತೆಯ ಧಾಯರಿಯಲ್ಲಿ ಮನೆ. ಯಜಮಾನರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಇವರು ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಸುತ್ತಮುತ್ತಲಿನ ಕನ್ನಡದ ಮನೆಗಳಿಗೆ ಕೊಡುತ್ತಾರೆ. ಬೆಳಗ್ಗೆ ಐದಕ್ಕೆ ಹಂಚು ಇಟ್ಟರೆ ಹನ್ನೊಂದರವರೆಗೆ ಬಿಡುವಿಲ್ಲ.

ಚಳಿ ಬಿಡುತ್ತಿಲ್ಲ ಅಂತ ಡಿಸೆಂಬರಿನಲ್ಲಿ ಬಂದಿದ್ದರು. ಪುಣೆಯಲ್ಲಿ ಆ ತಿಂಗಳು ಬೆಳಗಿನ ಜಾವ 10 ಡಿಗ್ರಿ ಹತ್ತಿರ ಇಳಿಯುತ್ತದೆ. ಎಲ್ಲರಿಗೂ ಚಳಿಯೇ. ಅದಕ್ಕೇ ನಾನು ಮೊದಲು ಕೇಳಿದ್ದು, ಬೇಸಿಗೆಯಲ್ಲಿ ಹೇಗಿರುತ್ತೆ ಅಂತ.

"ಹಂಚಿನ ಮುಂದ ನಿಂತಾಗ ಅಷ್ಟ ಬೆಚ್ಚಗ ಅನಸ್ತೈತ್ರಿ. ಈಚಿಗಿ ಬಂದ್ರ ಸಾಕು, ಕೈಕಾಲು ಥಣ್ಣಗ ಆಗ್ತಾವ. ಮೇ ತಿಂಗಳದಾಗೂ ರಗ್ ಹೊಚ್ಕೊಂಡ ಮಲಗ್ತೇನ್ರಿ. ಫ್ಯಾನ್ ಸಲುವಾಗಿ ಮನ್ಯಾಗ ದಿನಾ ಜಗಳ."

ಮೇ ತಿಂಗಳ ಪುಣೆಯಲ್ಲಿ ರಗ್ಗು ಹೊದ್ದು ಮಲಗುವುದು ಹವೆಯ ಮಾತಲ್ಲ, ಮೈಯ ಮಾತು. ಇಂಥವರಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. "ರಿಪೋರ್ಟ್ ನಾರ್ಮಲ್ ಇದೆ, ನಿಮಗೆ ಸುಮ್ನೆ ಹಾಗನಿಸುತ್ತೆ" ಅಂತ ಕಳಿಸಿಬಿಡುತ್ತಾರೆ. ಇಲ್ಲವೇ ಥೈರಾಯ್ಡ್ ಗುಳಿಗೆ ಇನ್ನಷ್ಟು ಏರಿಸುತ್ತಾರೆ. ಎರಡೂ ಸಾಲದು ಅಂತ ನನಗೆ ಬಲವಾಗಿ ಅನಿಸುತ್ತದೆ. ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದು ಅದಕ್ಕೇ.

ಹಿಂದಿನ ಕತೆ

ಎರಡನೇ ಹೆರಿಗೆ ಆದ ವರ್ಷ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಅಂತ ಗೊತ್ತಾಗಿತ್ತು. ಆಗ ಟಿಎಸ್‌ಎಚ್ 18, ಟಿಪಿಓ ಆಂಟಿಬಾಡಿ (ಥೈರಾಯ್ಡಿನ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯ) ಪಾಸಿಟಿವ್. ಅಂದರೆ ಹಶಿಮೊಟೊ ಬಗೆಯದು. ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಗುಳಿಗೆ, 50 ಮೈಕ್ರೋಗ್ರಾಂನಿಂದ ಶುರುವಾಗಿ 75ಕ್ಕೆ ಬಂದು ನಿಂತಿತ್ತು. ಕೆಲವು ವರ್ಷ ಚೆನ್ನಾಗಿಯೇ ಇದ್ದರು.

ಆಮೇಲೆ ಕೂದಲು ಉದುರೋದು ಜಾಸ್ತಿಯಾಯಿತು. ಸುಸ್ತು, ಮಲಬದ್ಧತೆ, ಚಳಿ. ಅಕ್ಟೋಬರಿನಲ್ಲಿ ಬೇರೆ ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ 0.2 ಅಂತ ಬಂತು. ಟಿಎಸ್‌ಎಚ್ ಅಷ್ಟು ಕೆಳಗೆ ಅಂದರೆ ಗುಳಿಗೆ ಹೆಚ್ಚಾಗಿದೆ ಅಂತ ಅರ್ಥ. ಆ ಅಂಕಿ ಒಂದನ್ನೇ ನೋಡಿದರೆ ಯಾರಾದರೂ ಗುಳಿಗೆ ಇಳಿಸುತ್ತಾರೆ. ಅಲ್ಲಿನ ವೈದ್ಯರೂ 75 ಇದ್ದದ್ದನ್ನು 50 ಮಾಡಿದರು. ಚಳಿ ಇನ್ನೂ ಜೋರಾಯಿತು.

"ಡಾಕ್ಟ್ರ, ಗುಳಗಿ ಕಡಿಮಿ ಮಾಡಿದ್ದಕ್ಕ ಹಿಂಗಾಗೈತಿ. ನೂರು ಮಾಡಿ ಕೊಡ್ರಿ." ಅವರು ಕೇಳಿದ್ದು ಇಷ್ಟೇ.

ಮೈ ಹೇಳಿದ್ದು ಬೇರೆ, ರಿಪೋರ್ಟ್ ಹೇಳಿದ್ದು ಬೇರೆ

ಗುಳಿಗೆ ಹೆಚ್ಚಾಗಿದ್ದವರ ನಾಡಿ ಓಡುತ್ತಿರಬೇಕು. ಇವರದು ನಿಮಿಷಕ್ಕೆ 56. ಕೈ ಬೆವರಿ ಬೆಚ್ಚಗಿರಬೇಕು. ಇವರದು ಒಣಗಿ ತಣ್ಣಗಿತ್ತು. ತೂಕ ಇಳಿಯಬೇಕು. ಇವರದು ಏರಿ 61 ಕಿಲೋ ಆಗಿತ್ತು.

ನಾನು ಯಾವತ್ತೂ ಬಿಡದ ಒಂದು ಪರೀಕ್ಷೆ ಇದೆ. ರೋಗಿಯನ್ನು ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಬೇಕು, ಬೆನ್ನು ನಮ್ಮ ಕಡೆಗೆ, ಪಾದ ಹಿಂದೆ ಇಳಿಬಿದ್ದಿರಬೇಕು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ರಬ್ಬರ್ ಸುತ್ತಿಗೆಯಿಂದ ಹಗುರಾಗಿ ತಟ್ಟಿದರೆ ಪಾದ ಚಟ್ಟನೆ ಜಗ್ಗಿ, ಅಷ್ಟೇ ಬೇಗ ಮೊದಲಿನ ಜಾಗಕ್ಕೆ ಬರಬೇಕು. ಇವರ ಪಾದ ಜಗ್ಗಿತು, ಆದರೆ ವಾಪಸ್ ಬರುವಾಗ ನಿಧಾನವಾಗಿ, ತಡೆತಡೆದು ಬಂತು. ಪಕ್ಕದಲ್ಲಿ ನಿಂತಿದ್ದ ಅವರ ಅತ್ತೆಗೂ ಅದು ಕಂಡಿತು. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಸ್ನಾಯು ಸಡಿಲವಾಗಲು ತಡ ಮಾಡುತ್ತದೆ. 0.2 ಟಿಎಸ್‌ಎಚ್ ಇರುವವರ ಪಾದ ಹೀಗೆ ಮಾಡುವುದಿಲ್ಲ.

ಇನ್ನೂ ಕೆಲವು ಕಂಡವು. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ. ಹೆಬ್ಬೆರಳಿನ ಉಗುರು ಉಬ್ಬಿರುವ ಬದಲು ನಡುವೆ ತಗ್ಗಾಗಿತ್ತು, ಒಂದು ಹನಿ ನೀರು ನಿಲ್ಲುವಷ್ಟು. ನಾಲಿಗೆ ನುಣ್ಣಗಾಗಿತ್ತು. ಕೈಬೆರಳು ಮುಟ್ಟಿದರೆ ನಿಜಕ್ಕೂ ತಣ್ಣಗಿದ್ದವು. ಪಾದ ಮಾತ್ರ ಅಷ್ಟು ತಣ್ಣಗಿರಲಿಲ್ಲ. ಆದರೂ ಪಾದವೇ ಹೆಚ್ಚು ಕೊರೆಯುತ್ತದೆ ಅಂತ ಅವರು ಹೇಳುತ್ತಿದ್ದರು. ಟ್ಯೂನಿಂಗ್ ಫೋರ್ಕ್ ಕಾಲಿನ ಹೆಬ್ಬೆರಳಿಗೆ ಇಟ್ಟೆ. ಅವರಿಗೆ ಕಂಪನ ನಿಂತಂತೆ ಅನಿಸಿದ ಮೇಲೂ ನನ್ನ ಬೆರಳಿಗೆ ಅದು ಚೆನ್ನಾಗಿ ತಿಳಿಯುತ್ತಿತ್ತು. ಮುಟ್ಟಿದರೆ ಬೆಚ್ಚಗಿದ್ದೂ ಒಳಗೆ ತಣ್ಣಗನಿಸುವ ಪಾದ ನರದ ತೊಂದರೆಯ ಸೂಚನೆ. ಸಸ್ಯಾಹಾರಿಗಳಲ್ಲಿ ಹೀಗಾದರೆ ಮೊದಲು ನೆನಪಾಗಬೇಕಾದದ್ದು ಬಿ12.

ಮುಟ್ಟಿನ ಬಗ್ಗೆ ಕೇಳಿದಾಗ "ಎಲ್ಲಾ ಬರೊಬ್ಬರಿ ಐತ್ರಿ" ಅಂದರು. ಆ ಉತ್ತರಕ್ಕೆ ನಿಲ್ಲಬಾರದು. ಎಷ್ಟು ದಿನ, ಎಷ್ಟು ಹೊತ್ತಿಗೊಮ್ಮೆ ಪ್ಯಾಡ್ ಬದಲಿಸುತ್ತೀರಿ, ಗಂಟು ಹೋಗುತ್ತದೆಯಾ, ರಾತ್ರಿ ಎದ್ದು ಬದಲಿಸಬೇಕಾ ಅಂತ ಒಂದೊಂದಾಗಿ ಕೇಳಬೇಕು. ಏಳು ದಿನ, ಮೊದಲ ಮೂರು ದಿನ ಎರಡು ತಾಸಿಗೊಂದು ಪ್ಯಾಡ್, ಗಂಟುಗಳು. ಇದು ಬರೊಬ್ಬರಿ ಅಲ್ಲ. ತಾಯಿಗೂ ಹೀಗೇ ಇತ್ತು, ಅಕ್ಕನಿಗೂ ಹೀಗೇ ಇದೆ ಅಂತ ಎಷ್ಟೋ ಹೆಂಗಸರು ಇದನ್ನೇ ಸಹಜ ಅಂದುಕೊಂಡಿರುತ್ತಾರೆ. ಬೇಸರದ ಸಂಗತಿ ಅಂದರೆ ಅವರನ್ನು ಯಾರೂ ಸರಿಯಾಗಿ ಕೇಳಿಯೇ ಇರುವುದಿಲ್ಲ.

ಆಗ ಅತ್ತೆ ಒಂದು ಮಾತು ಸೇರಿಸಿದರು. "ಅಕ್ಕಿ ಹಸನ ಮಾಡೂಮುಂದ ಹಸಿ ಅಕ್ಕಿ ಬಾಯಾಗ ಹಾಕ್ಕೊಂಡ ಕುರುಕುರು ತಿಂತಾಳ್ರಿ. ಬ್ಯಾಡ ಅಂದ್ರೂ ಕೇಳೂದಿಲ್ಲ."

ಸೊಸೆ ತಲೆ ತಗ್ಗಿಸಿದರು. ನಾಚಿಕೊಳ್ಳುವ ವಿಷಯವೇ ಅಲ್ಲ ಅದು. ಹಸಿ ಅಕ್ಕಿ, ಸುಣ್ಣ, ಮಣ್ಣು, ಸೀಮೆಸುಣ್ಣ, ಐಸು ತಿನ್ನುವ ತಡೆಯಲಾರದ ಆಸೆ ಕಬ್ಬಿಣಾಂಶದ ಕೊರತೆಯ ಬಲವಾದ ಲಕ್ಷಣ. ಕಬ್ಬಿಣಾಂಶ ತುಂಬಿದ ಮೇಲೆ ಅದು ತಾನಾಗಿಯೇ ಹೋಗುತ್ತದೆ. ಅತ್ತೆಯ ಆ ದೂರು ಅವತ್ತು ನನಗೆ ಯಾವ ಲ್ಯಾಬ್ ರಿಪೋರ್ಟಿಗಿಂತ ಹೆಚ್ಚು ದಾರಿ ತೋರಿಸಿತು.

ಗುಳಿಗೆಯ ಚೀಲ

ಮನೆಯಲ್ಲಿ ತೆಗೆದುಕೊಳ್ಳುವ ಎಲ್ಲ ಗುಳಿಗೆ ತನ್ನಿ ಅಂತ ಹೇಳಿದ್ದೆ. ಪ್ಲಾಸ್ಟಿಕ್ ಚೀಲ ಸುರಿದರು. ಥೈರಾಯ್ಡಿನ ಬಾಟಲಿ, ಕ್ಯಾಲ್ಸಿಯಂ, ದಿನಾ ನುಂಗುವ ಗ್ಯಾಸಿನ ಗುಳಿಗೆ (ಪ್ಯಾಂಟೊಪ್ರಜೋಲ್ 40), ಕೂದಲಿಗೆ ಅಂತ ತಾವೇ ಮೆಡಿಕಲ್‌ನಲ್ಲಿ ಕೊಂಡ ಬಯೋಟಿನ್ 10 ಮಿಲಿಗ್ರಾಂ. ಜೊತೆಗೆ ಸೆಲೆನಿಯಂ ಸಿಗುತ್ತೆ ಅಂತ ಯಾರೋ ಹೇಳಿ ತರಿಸಿದ ಬ್ರೆಜಿಲ್ ನಟ್ ಪೊಟ್ಟಣ.

ಅಕ್ಟೋಬರಿನ ಒಗಟು ಬಿಡಿಸಿದ್ದು ಆ ಬಯೋಟಿನ್. ಇದು ಒಂದು ಬಿ ವಿಟಮಿನ್. ನಮಗೆ ದಿನಕ್ಕೆ ಬೇಕಾಗುವುದು 30ರಿಂದ 40 ಮೈಕ್ರೋಗ್ರಾಂ. ಕೂದಲಿನ ಗುಳಿಗೆಯಲ್ಲಿ ಇದ್ದದ್ದು 10,000 ಮೈಕ್ರೋಗ್ರಾಂ. ದೇಹಕ್ಕೆ ಇದರಿಂದ ದೊಡ್ಡ ಹಾನಿ ಇಲ್ಲ. ತೊಂದರೆ ಆಗುವುದು ಲ್ಯಾಬಿನ ಯಂತ್ರಕ್ಕೆ. ಥೈರಾಯ್ಡ್ ಪರೀಕ್ಷೆ ಮಾಡುವ ಹಲವು ಯಂತ್ರಗಳಲ್ಲಿ ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನು ಒಂದಕ್ಕೊಂದು ಅಂಟುವ ಗುಣವನ್ನೇ ಬಳಸಿ ಹಾರ್ಮೋನು ಅಳೆಯುತ್ತಾರೆ. ರಕ್ತದಲ್ಲಿ ಬಯೋಟಿನ್ ತುಂಬಿಕೊಂಡಿದ್ದರೆ ಅದೇ ಹೋಗಿ ಅಂಟಿಕೊಳ್ಳುತ್ತದೆ, ಟಿಎಸ್‌ಎಚ್‌ಗೆ ಜಾಗ ಸಿಗುವುದಿಲ್ಲ. ಯಂತ್ರ ಟಿಎಸ್‌ಎಚ್ ಕಡಿಮೆ ಅಂತ ತೋರಿಸುತ್ತದೆ. ಥೈರಾಯ್ಡ್ ಗ್ರಂಥಿಯ ಹಾರ್ಮೋನುಗಳಾದ ಟಿ4 (ಥೈರಾಕ್ಸಿನ್), ಟಿ3 ಅಳೆಯುವ ವಿಧಾನ ಬೇರೆ, ಅಲ್ಲಿ ಇದೇ ಕಾರಣಕ್ಕೆ ಅಂಕಿ ಜಾಸ್ತಿ ಬರುತ್ತದೆ. ಎರಡೂ ಸೇರಿದರೆ ಥೈರಾಯ್ಡ್ ಹೆಚ್ಚಾದವರ ರಿಪೋರ್ಟ್ ತಯಾರಾಗುತ್ತದೆ. ಅಮೆರಿಕದ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಎಲ್ಲ ಲ್ಯಾಬಿನ ಯಂತ್ರವೂ ಹೀಗಲ್ಲ, ಆದರೆ ರಕ್ತ ಕೊಡಲು ಹೋದವರಿಗೆ ಅಲ್ಲಿ ಯಾವ ಯಂತ್ರ ಇದೆ ಅಂತ ಗೊತ್ತಿರುವುದಿಲ್ಲ ಅಲ್ವಾ? ಹಾಗಾಗಿ ರಕ್ತ ಕೊಡುವ ಮೊದಲು ಕನಿಷ್ಠ ಎರಡು ದಿನ ಬಯೋಟಿನ್ ನಿಲ್ಲಿಸಬೇಕು. ನಾನು ಇನ್ನೊಂದೆರಡು ದಿನ ಹೆಚ್ಚೇ ಹೇಳುತ್ತೇನೆ.

ಗ್ಯಾಸಿನ ಗುಳಿಗೆಯದು ಇನ್ನೊಂದು ಕತೆ. ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಗೆ, ಗ್ಯಾಸಿನ ಗುಳಿಗೆಯೂ ಖಾಲಿ ಹೊಟ್ಟೆಗೆ. ಹಾಗಾಗಿ ಎರಡನ್ನೂ ಒಟ್ಟಿಗೆ ನುಂಗಿ, ಹತ್ತು ನಿಮಿಷಕ್ಕೆ ಚಹಾ ಕುಡಿದು ರೊಟ್ಟಿಗೆ ಕೂರುತ್ತಿದ್ದರು. ನಾಷ್ಟಾ ಆದ ಮೇಲೆ ಕ್ಯಾಲ್ಸಿಯಂ. ಥೈರಾಕ್ಸಿನ್ ಕರಗಿ ಒಳಗೆ ಹೋಗಲು ಹೊಟ್ಟೆಯ ಆಮ್ಲ ಬೇಕು. ಊಟದ ಕಬ್ಬಿಣಾಂಶ ಹೀರಿಕೊಳ್ಳಲೂ ಆಮ್ಲ ಬೇಕು. ಆಹಾರದಿಂದ ಬಿ12 ಬಿಡಿಸಿಕೊಳ್ಳಲೂ ಆಮ್ಲ ಬೇಕು. ಆಮ್ಲ ತಗ್ಗಿಸುವ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಮೂರೂ ಕಡೆ ಹೊಡೆತ. ಹುಣ್ಣು, ರಕ್ತಸ್ರಾವದ ಭಯ ಇರುವವರಿಗೆ ಈ ಗುಳಿಗೆ ನಿಜಕ್ಕೂ ಬೇಕು, ಅವರು ಬಿಡಬಾರದು. ಇವರಿಗೆ ಶುರುವಾದದ್ದು ಒಮ್ಮೆ ಎದೆ ಉರಿದಾಗ. ನಿಲ್ಲಿಸಿ ಅಂತ ಆಮೇಲೆ ಯಾರೂ ಹೇಳಲಿಲ್ಲ.

ರಕ್ತ ಏನು ಹೇಳಿತು

ಬಯೋಟಿನ್ ನಿಲ್ಲಿಸಿ ನಾಲ್ಕನೇ ದಿನ ಬೆಳಗ್ಗೆ, ಥೈರಾಯ್ಡ್ ಗುಳಿಗೆ ನುಂಗುವ ಮೊದಲು ರಕ್ತ ತೆಗೆಸಿದೆವು. ಟಿಎಸ್‌ಎಚ್ 13.8. ಫ್ರೀ ಟಿ4 ಕೆಳಗಿನ ಗೆರೆಗಿಂತ ತುಸು ಕಡಿಮೆ. ಹಿಮೋಗ್ಲೋಬಿನ್ 9.4, ಅಂದರೆ ರಕ್ತಹೀನತೆ. ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಲೆಕ್ಕ, ಬರೀ 5. ವಯಸ್ಕರಲ್ಲಿ 15ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಾವು ಅನೇಕರು 30ರ ಕೆಳಗಿದ್ದರೇ ಚಿಂತೆ ಮಾಡುತ್ತೇವೆ. ಬಿ12 156, ವಿಟಮಿನ್ ಡಿ 13, ಎರಡೂ ಕಡಿಮೆ. ಕಿಡ್ನಿ, ಸಕ್ಕರೆ ಸರಿ ಇದ್ದವು.

ಸೀಲಿಯಾಕ್ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿದೆ. ಗೋಧಿಯ ಗ್ಲೂಟನ್ ಒಗ್ಗದೆ ಕರುಳು ಹಾಳಾಗುವ ಕಾಯಿಲೆ ಅದು. ಹಶಿಮೊಟೊ ಇರುವವರಲ್ಲಿ ಉಳಿದವರಿಗಿಂತ ಹೆಚ್ಚು ಕಾಣಿಸುತ್ತದೆ, ಕಬ್ಬಿಣಾಂಶವನ್ನೂ ಥೈರಾಕ್ಸಿನ್ನನ್ನೂ ಹೀರಿಕೊಳ್ಳಲು ಬಿಡುವುದಿಲ್ಲ. ಇವರಿಗೆ ಅದು ಇರಲಿಲ್ಲ. ಮೈಗ್ರೇನಿಗೆ, ಬಿಪಿಗೆ ಕೊಡುವ ಪ್ರೊಪ್ರನೊಲಾಲ್‌ನಂಥ ಗುಳಿಗೆಯಿಂದಲೂ ಕೈಕಾಲು ತಣ್ಣಗಾಗುತ್ತವೆ. ಅದೂ ಇವರ ಚೀಲದಲ್ಲಿ ಇರಲಿಲ್ಲ.

ಇಷ್ಟೆಲ್ಲ ಒಬ್ಬರಿಗೇ ಬಂತಾ ಅಂತ ಆಶ್ಚರ್ಯ ಆಗಬಹುದು. ಆದರೆ ಲೆಕ್ಕ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಮುಂಬಯಿ, ಗೋವಾ, ಬೆಂಗಳೂರು ಸೇರಿ ಎಂಟು ಕಡೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಯಸ್ಕರಲ್ಲಿ ಸುಮಾರು ಶೇ 11 ಮಂದಿಗೆ ಥೈರಾಯ್ಡ್ ಕಡಿಮೆ ಇತ್ತು. ಬಿ12 ವಿಷಯದಲ್ಲಿ ಪುಣೆಯದ್ದೇ ದಾಖಲೆ ಇದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು ಪುಣೆ ಮತ್ತು ಸುತ್ತಲಿನ ಹಳ್ಳಿಗಳ ಗಂಡಸರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಬಿ12 ಕಡಿಮೆ ಇತ್ತು. ಇಷ್ಟು ಸಾಮಾನ್ಯವಾದ ಮೂರು ಕೊರತೆಗಳು ಒಂದೇ ಮೈಯಲ್ಲಿ ಸೇರುವುದು ವಿಶೇಷವೇನಲ್ಲ. ಥೈರಾಯ್ಡ್ ಸಿಕ್ಕಿತು ಅಂತ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸುವುದೇ ತಪ್ಪು.

ಚಳಿ ಎಲ್ಲಿಂದ ಬರುತ್ತದೆ

ನಮ್ಮ ಮೈಯ ಶಾಖ ಎಲ್ಲಿಂದಲೋ ಬರುವುದಲ್ಲ, ಜೀವಕೋಶಗಳು ಕೆಲಸ ಮಾಡುವಾಗ ಹುಟ್ಟುವುದು. ಆ ಕೆಲಸದ ವೇಗ ನಿರ್ಧರಿಸುವುದು ಟಿ3 ಹಾರ್ಮೋನು. ಜೀವಕೋಶದ ಗೋಡೆಯಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ತಳ್ಳುವ ಪಂಪುಗಳು ಹಗಲೂ ರಾತ್ರಿ ನಡೆಯುತ್ತವೆ. ಟಿ3 ಕಡಿಮೆಯಾದರೆ ಅವು ನಿಧಾನವಾಗುತ್ತವೆ, ಶಾಖವೂ ಕಡಿಮೆಯಾಗುತ್ತದೆ. ಇದ್ದ ಶಾಖ ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಕೈಬೆರಳು ತಣ್ಣಗಾಗುವುದು ಹೀಗೆ.

ಕಬ್ಬಿಣಾಂಶದ ಕೊರತೆಯೂ ಅದೇ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಶಾಖ ಹುಟ್ಟಲು ಆಮ್ಲಜನಕ ಬೇಕು, ಅದನ್ನು ಹೊರುವುದು ಹಿಮೋಗ್ಲೋಬಿನ್. ಅಷ್ಟೇ ಅಲ್ಲ, ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸಲು ಬಳಸುವ ಟಿಪಿಓ ಕಿಣ್ವದ ಒಳಗೇ ಕಬ್ಬಿಣಾಂಶ ಇದೆ. ಅಮೆರಿಕದ ಜಾನ್ ಬಿಯರ್ಡ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಆದ ಹೆಂಗಸರನ್ನು ತಂಪು ನೀರಿನಲ್ಲಿ ಕೂರಿಸಿದರು. ಆರೋಗ್ಯವಂತರಿಗೆ ಹೋಲಿಸಿದರೆ ಅವರಿಗೆ ಮೈಶಾಖ ಉಳಿಸಿಕೊಳ್ಳಲು ಆಗಲಿಲ್ಲ. ಅವರ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನೂ ಕಡಿಮೆ ಇತ್ತು. ಕಬ್ಬಿಣಾಂಶ ಕೊಟ್ಟ ಮೇಲೆ ಚಳಿ ತಡೆಯುವ ಶಕ್ತಿ ಸುಧಾರಿಸಿತು.

ಇವರಿಗೆ ಹೇಳುವಾಗ ನಾನು ಅವರ ಅಡುಗೆಮನೆಯನ್ನೇ ಹಿಡಿದುಕೊಂಡೆ: ಥೈರಾಯ್ಡ್ ಗುಳಿಗೆ ಅಂದರೆ ಗ್ಯಾಸ್ ಒಲೆಯ ಕಿವಿ. ಎಷ್ಟು ತಿರುಗಿಸಿದರೂ ಸಿಲಿಂಡರಿನಲ್ಲಿ ಗ್ಯಾಸ್ ಇಲ್ಲದಿದ್ದರೆ ಹಂಚು ಕಾಯುವುದಿಲ್ಲ.

ಇವೆರಡೂ ಒಂದನ್ನೊಂದು ಕೆಳಗೆ ಎಳೆಯುತ್ತವೆ. ಥೈರಾಯ್ಡ್ ಕಡಿಮೆಯಾದರೆ ಮುಟ್ಟಿನ ರಕ್ತಸ್ರಾವ ಹೆಚ್ಚುತ್ತದೆ. ರಕ್ತ ಹೋದರೆ ಕಬ್ಬಿಣಾಂಶ ಹೋಗುತ್ತದೆ. 1 ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ. ಪ್ರತಿ ತಿಂಗಳೂ ಹೀಗೆ ಹೋಗುವುದನ್ನು ಬರೀ ಸೊಪ್ಪು, ಕಾಳಿನಿಂದ ತುಂಬಲು ಆಗುವುದಿಲ್ಲ.

ವಿಟಮಿನ್ ಡಿ 13 ಇದ್ದದ್ದು ಚಳಿಗೆ ಕಾರಣ ಅಂತ ನಾನು ಒಪ್ಪುವುದಿಲ್ಲ. ಮೂಳೆ, ಸ್ನಾಯುಗಳಿಗಾಗಿ ತುಂಬಿಸಿಕೊಟ್ಟೆ, ಅಷ್ಟೇ. ಸೆಲೆನಿಯಂ ಪರೀಕ್ಷೆ ಮಾಡಿಸಲೇ ಇಲ್ಲ. ಬ್ರೆಜಿಲ್ ನಟ್ ದಿನಾ ಮುಕ್ಕುವುದನ್ನು ನಿಲ್ಲಿಸಿದೆ, ಏಕೆಂದರೆ ಸೆಲೆನಿಯಂ ಅತಿಯಾದರೆ ಕೂದಲು ಇನ್ನೂ ಉದುರುತ್ತದೆ.

ಏನು ಮಾಡಿದೆವು

ಥೈರಾಕ್ಸಿನ್ ಮತ್ತೆ 75ಕ್ಕೆ. ನೂರಕ್ಕಲ್ಲ. ಮೊದಲು 75ರಲ್ಲೇ ಚೆನ್ನಾಗಿದ್ದರಲ್ಲ? ಹೊತ್ತು ಮಾತ್ರ ಬದಲಿಸಿದೆ. ಬೆಳಗಿನ ಐದಕ್ಕೆ ಎದ್ದು, ಚಹಾ ಕುಡಿದು ಕೆಲಸಕ್ಕೆ ನಿಲ್ಲುವವರಿಗೆ "ಒಂದು ತಾಸು ಏನೂ ಕುಡಿಯಬೇಡಿ" ಅಂದರೆ ನಡೆಯುವ ಮಾತಲ್ಲ. ರಾತ್ರಿ ಎಂಟಕ್ಕೆ ಊಟ, ಹನ್ನೊಂದಕ್ಕೆ ಮಲಗುವಾಗ ಗುಳಿಗೆ. ಊಟವಾಗಿ ಮೂರು ತಾಸು ಆಗಿದ್ದರೆ ರಾತ್ರಿಯ ಗುಳಿಗೆಯೂ ಅಷ್ಟೇ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ನಿಲ್ಲಿಸಿದೆ. ಹಾಲು ಮೊಸರು ಚೆನ್ನಾಗಿ ಉಣ್ಣುವ ಮನೆ ಅದು. ಗ್ಯಾಸಿನ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಎದೆಯುರಿ ಮರುಕಳಿಸುತ್ತದೆ, ಹಾಗಾಗಿ ನಿಧಾನವಾಗಿ ಇಳಿಸಿ ಬಿಡಿಸಿದೆ. ಬಿ12 ಇಂಜೆಕ್ಷನ್ 1000 ಮೈಕ್ರೋಗ್ರಾಂನದು, ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು. ಕಬ್ಬಿಣಾಂಶದ ಗುಳಿಗೆ ಬೆಳಗ್ಗೆ ಹನ್ನೊಂದಕ್ಕೆ, ರೊಟ್ಟಿ ಕೆಲಸ ಮುಗಿದ ಮೇಲೆ, ನಿಂಬೆಹಣ್ಣಿನ ನೀರಿನ ಜೊತೆ. ಥೈರಾಯ್ಡ್ ಗುಳಿಗೆಗೂ ಕಬ್ಬಿಣಾಂಶಕ್ಕೂ ಕನಿಷ್ಠ ನಾಲ್ಕು ತಾಸು ಅಂತರ ಇರಲೇಬೇಕು. ಒಟ್ಟಿಗೆ ನುಂಗಿದರೆ ಹೊಟ್ಟೆಯಲ್ಲೇ ಒಂದಕ್ಕೊಂದು ಕಟ್ಟಿಕೊಂಡು ಥೈರಾಕ್ಸಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ.

ಊಟದ ಬಗ್ಗೆ ವಿಚಾರಿಸಿದಾಗ ಇನ್ನೊಂದು ಗೊತ್ತಾಯಿತು. ಮೊಬೈಲಿನಲ್ಲಿ ಬಂದ "ಥೈರಾಯ್ಡ್ ಪಥ್ಯ" ನೋಡಿ ಎಲೆಕೋಸು, ಹೂಕೋಸು, ಶೇಂಗಾ ಬಿಟ್ಟಿದ್ದರು. ತೂಕ ಇಳಿಯಲಿ ಅಂತ ರಾತ್ರಿ ಊಟವನ್ನೂ ಅರ್ಧ ಮಾಡಿದ್ದರು. ದಿನಾ ನೂರಾರು ರೊಟ್ಟಿ ಬಡಿಯುವ ಹೆಣ್ಣುಮಗಳು ಅರೆಹೊಟ್ಟೆಯಲ್ಲಿ ಮಲಗುತ್ತಿದ್ದರು. ಊಟ ಕಡಿಮೆಯಾದರೆ ದೇಹ ತಾನೇ ಟಿ3 ಇಳಿಸಿಕೊಂಡು ಖರ್ಚು ಉಳಿಸುತ್ತದೆ. ಚಳಿಗೆ ಅದೂ ಒಂದು ಕಾರಣ. ಬೇಯಿಸಿದ ಎಲೆಕೋಸು ಊಟದಲ್ಲಿ ತಿನ್ನುವಷ್ಟಕ್ಕೆ ಏನೂ ಮಾಡುವುದಿಲ್ಲ. ಮಡಕಿ ಕಾಳು, ಹೆಸರುಕಾಳು ಮೊಳಕೆ, ಮೆಂತ್ಯ ಪಲ್ಯ, ಹಕ್ಕರಕಿ ಸೊಪ್ಪು, ಮೇಲೆ ನಿಂಬೆ ಹಿಂಡಿಕೊಂಡು ಹೊಟ್ಟೆ ತುಂಬ ಉಣ್ಣಿ ಅಂದೆ. ಚಹಾ ಊಟದ ಜೊತೆ ಬೇಡ, ಒಂದು ತಾಸು ಬಿಟ್ಟು ಕುಡಿಯಿರಿ.

ಉಪ್ಪಿನ ಮಾತೂ ಬಂತು. ಎರಡು ವರ್ಷದಿಂದ ಮನೆಯಲ್ಲಿ ಸೈಂಧವ ಉಪ್ಪು ಬಳಸುತ್ತಿದ್ದರು. ಅವರ ಕಾಯಿಲೆಗೆ ಅಯೋಡಿನ್ ಕೊರತೆ ಕಾರಣ ಅಲ್ಲ, ಅಯೋಡಿನ್ ಗುಳಿಗೆ ತಿಂದರೆ ಹಶಿಮೊಟೊ ಕೆರಳಲೂಬಹುದು. ಆದರೆ ಅದೇ ಅಡುಗೆ ಉಣ್ಣುವ ಇಬ್ಬರು ಬೆಳೆಯುವ ಮಕ್ಕಳಿದ್ದಾರೆ. ಗಳಗಂಡದ ವಿರುದ್ಧ 1962ರಿಂದ ನಮ್ಮ ದೇಶ ಮಾಡಿದ ಕೆಲಸವೆಲ್ಲ ನಿಂತಿರುವುದು ಅಯೋಡಿನ್ ಸೇರಿಸಿದ ಸಾದಾ ಉಪ್ಪಿನ ಮೇಲೆ. ಅದಕ್ಕೇ ಮರಳಲು ಹೇಳಿದೆ.

ಎಂಟು ವಾರದ ಮೇಲೆ

ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಗುಳಿಗೆ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾಯದೆ ಪರೀಕ್ಷೆ ಮಾಡಿದರೆ ಅರ್ಥವಿಲ್ಲ. ಫೆಬ್ರವರಿಯಲ್ಲಿ ಟಿಎಸ್‌ಎಚ್ 2.9 ಬಂತು. ನಾಡಿ 68. ಮುಖದ ಊತ ಇಳಿದಿತ್ತು, ಮಲಬದ್ಧತೆ ಕಡಿಮೆಯಾಗಿತ್ತು, ಮಧ್ಯಾಹ್ನದ ತೂಕಡಿಕೆ ಹೋಗಿತ್ತು.

"ಥಂಡಿ?" ಅಂದೆ.

"ನಾಕಾಣೆ ಕಡಿಮಿ ಆಗೈತ್ರಿ. ಹನ್ನೆರಡಾಣೆ ಹಂಗ ಐತಿ. ಈಗರೆ ನೂರು ಮಾಡ್ರಿ."

ಈ ಪ್ರಕರಣದ ತಿರುಳು ಇಲ್ಲಿದೆ. ಥೈರಾಯ್ಡ್ ಈಗ ನಿಜವಾಗಿ ಸರಿ ಇದೆ, ಆದರೂ ಚಳಿ ಉಳಿದಿದೆ. ಹಿಮೋಗ್ಲೋಬಿನ್ 9.8, ಫೆರಿಟಿನ್ 7. ಕಬ್ಬಿಣಾಂಶ ಏರಿಯೇ ಇಲ್ಲ. ಗುಳಿಗೆ ತಗೊಳ್ತಿದ್ದೀರಾ ಅಂತ ಮೆಲ್ಲಗೆ ಕೇಳಿದಾಗ, ಹತ್ತು ದಿನಕ್ಕೇ ಬಿಟ್ಟೆ ಅಂದರು. ಹೊಟ್ಟೆನೋವು ಬಂತು, ಮಲ ಕಪ್ಪಾಯಿತು, ಜೊತೆಗೆ ಪಕ್ಕದ ಮನೆಯವರು "ಅದು ಭಾಳ ಉಷ್ಣ" ಅಂದಿದ್ದರು. ಮಲ ಕಪ್ಪಾಗುವುದು ಸಹಜ ಅಂತ ಮೊದಲೇ ಹೇಳದಿದ್ದರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಹೊಟ್ಟೆನೋವೂ ಸುಳ್ಳಲ್ಲ.

ಆ ದಿನ ನೂರಕ್ಕೆ ಏರಿಸಿದ್ದರೆ ಏನಾಗುತ್ತಿತ್ತು? ಎದೆ ಬಡಿತ ಏರುತ್ತಿತ್ತು, ಕೈ ನಡುಗುತ್ತಿತ್ತು. ಬೇಡದ ಥೈರಾಕ್ಸಿನ್ ವರ್ಷಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ, ಹೃದಯದ ಲಯ ತಪ್ಪುತ್ತದೆ. ಚಳಿ ಮಾತ್ರ ಹಾಗೇ ಇರುತ್ತಿತ್ತು.

ಕಬ್ಬಿಣಾಂಶವನ್ನು ಬೇರೆ ರೀತಿ ಕೊಟ್ಟೆವು. 60 ಮಿಲಿಗ್ರಾಂ, ದಿನ ಬಿಟ್ಟು ದಿನ. ಒಂದು ದಿನ ಗುಳಿಗೆ ನುಂಗಿದರೆ ಯಕೃತ್ತು ಹೆಪ್ಸಿಡಿನ್ ಅನ್ನುವ ಹಾರ್ಮೋನು ಬಿಡುತ್ತದೆ. ಅದು ಮಾರನೆಯ ದಿನ ಕರುಳಿನ ಬಾಗಿಲು ಅರ್ಧ ಮುಚ್ಚಿಬಿಡುತ್ತದೆ. ದಿನ ಬಿಟ್ಟು ಕೊಟ್ಟರೆ ಪ್ರತಿ ಗುಳಿಗೆಯಿಂದಲೂ ಹೆಚ್ಚು ಪಾಲು ಒಳಗೆ ಹೋಗುತ್ತದೆ ಅಂತ ಸ್ವಿಟ್ಜರ್ಲೆಂಡಿನ ಸಂಶೋಧಕರು 2017ರಲ್ಲಿ ತೋರಿಸಿಕೊಟ್ಟಿದ್ದಾರೆ. ಇವರ ಹೊಟ್ಟೆಗೂ ಅದು ಒಗ್ಗಿತು. ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆ. ಸ್ಕ್ಯಾನಿನಲ್ಲಿ ಗಡ್ಡೆ ಇರಲಿಲ್ಲ. ಮುಟ್ಟಿನ ಮೊದಲ ದಿನಗಳಿಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರು. ಥೈರಾಯ್ಡ್ ಸರಿಯಾದದ್ದೂ ಸೇರಿ ಏಳು ದಿನದ ಮುಟ್ಟು ನಾಲ್ಕಕ್ಕೆ ಇಳಿಯಿತು.

ಮೊದಲು ನಿಂತದ್ದು ಹಸಿ ಅಕ್ಕಿ. ಅದನ್ನೂ ಅತ್ತೆಯೇ ಬಂದು ಹೇಳಿದರು. ಮೇ ಕೊನೆಗೆ ಹಿಮೋಗ್ಲೋಬಿನ್ 12.2, ಫೆರಿಟಿನ್ 24, ಟಿಎಸ್‌ಎಚ್ 2.4. ಥೈರಾಕ್ಸಿನ್ ಅದೇ 75. ರಗ್ಗು ಕಪಾಟಿಗೆ ಹೋಗಿತ್ತು, ಫ್ಯಾನ್ ಈಗ ಮೂರರಲ್ಲಿ ತಿರುಗುತ್ತದಂತೆ. ಕೈಬೆರಳು ಮುಟ್ಟಿದೆ, ಬೆಚ್ಚಗಿದ್ದವು.

ಪಾದ ಮಾತ್ರ ಪೂರ್ತಿ ಸರಿಯಾಗಿಲ್ಲ. ಸಂಜೆ ಹೊತ್ತಿಗೆ ಈಗಲೂ ಒಳಗೆ ಕೊರೆದಂತೆ, ಇರುವೆ ಹರಿದಂತೆ ಆಗುತ್ತದೆ. ಬಿ12 ಇಲ್ಲದೆ ಸೊರಗಿದ ನರ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು. ತಡವಾಗಿ ಹಿಡಿದರೆ ಸ್ವಲ್ಪ ಉಳಿದೂ ಬಿಡಬಹುದು. ಇದನ್ನು ಅವರಿಗೆ ಮುಚ್ಚಿಡದೆ ಹೇಳಿದ್ದೇನೆ. ಇಂಜೆಕ್ಷನ್ ಈಗ ತಿಂಗಳಿಗೊಂದು ನಡೆದಿದೆ.

"ರಕ್ತ ಹನ್ನೆರಡು ಬಂತಲ್ರಿ, ಕಬ್ಬಿಣದ ಗುಳಗಿ ಬಿಡ್ಲೇನು?" ಅಂತ ಹೋದ ಸಲ ಕೇಳಿದರು. ಬಿಡಬೇಡಿ ಅಂದೆ. ಹಿಮೋಗ್ಲೋಬಿನ್ ಸರಿ ಬಂದ ಮೇಲೂ ಕೂಡಿಡುವ ಕಬ್ಬಿಣಾಂಶ ತುಂಬಲು ಇನ್ನೂ ಮೂರು ತಿಂಗಳಾದರೂ ಬೇಕು. ಸೆಪ್ಟೆಂಬರಿನಲ್ಲಿ ಫೆರಿಟಿನ್ ನೋಡಿ 50 ದಾಟಿದ್ದರೆ ನಿಲ್ಲಿಸುತ್ತೇವೆ. ಟಿಎಸ್‌ಎಚ್ ಡಿಸೆಂಬರಿನಲ್ಲಿ. ಅವರ ಮಗಳಿಗೆ ಈಗ 15, ಅವಳಿಗೂ ಮುಟ್ಟು ಜಾಸ್ತಿ ಹೋಗುತ್ತದಂತೆ. ಮುಂದಿನ ಸಲ ಅವಳನ್ನೂ ಕರೆದುಕೊಂಡು ಬನ್ನಿ, ಹಿಮೋಗ್ಲೋಬಿನ್, ಫೆರಿಟಿನ್, ಟಿಎಸ್‌ಎಚ್ ಮೂರನ್ನೂ ಒಟ್ಟಿಗೇ ಮಾಡಿಸೋಣ ಅಂತ ಚೀಟಿ ಬರೆದು ಕೊಟ್ಟಿದ್ದೇನೆ.